ಮರಗೆಲಸಕ್ಕೆ ಮನೆಯಲ್ಲೊಂದು ಮೂಲೆ: ಬೆಂಚಿನಿಂದ ಮೊದಲ ಮಣೆಯವರೆಗೆ

ಮರಗೆಲಸದ ಹುಚ್ಚು ಹಿಡಿದ ಮೊದಲ ತಿಂಗಳೇ ನಾನು ಮರ ಕೊಯ್ಯುವ ಜಿಗ್‌ಸಾ, ತೋಡು ಕೊರೆಯುವ ರೌಟರ್, ಉಜ್ಜಿ ನುಣುಪು ಮಾಡುವ ಸ್ಯಾಂಡರ್ ಮೂರನ್ನೂ ಕೊಂಡುಬಿಟ್ಟೆ. ಮೂರೂ ಆರು ತಿಂಗಳು ಡಬ್ಬದಲ್ಲೇ ಕೂತವು. ಹಲಗೆಯನ್ನು ಅಲ್ಲಾಡದ ಹಾಗೆ ಹಿಡಿದು ನಿಲ್ಲಿಸಲು ಮನೆಯಲ್ಲಿ ಏನೂ ಇರಲಿಲ್ಲವಲ್ಲ! ಒಮ್ಮೆ ಊಟದ ಮೇಜಿನ ಮೇಲೆ ಪ್ರಯತ್ನಿಸಿದೆ. ಅದರ ಅಂಚಿನಲ್ಲಿ ಬ್ಲೇಡಿನ ಗಾಯ ಈಗಲೂ ಇದೆ. "ಬಡಗಿ ಆಗೋಕೇನೋ ನಿನ್ನನ್ನ ಇಂಜಿನಿಯರಿಂಗ್ ಓದಿಸಿದ್ದು?" ಅಂತ ಅಮ್ಮ ಕೇಳಿದ್ದೂ ಆ ದಿನವೇ.

ಆಮೇಲೆ ಪಕ್ಕದ ಬೀದಿಯಲ್ಲಿ ಬಾಗಿಲು ಮಾಡುತ್ತಿದ್ದ ಆಚಾರರ ಹತ್ತಿರ ಹೋಗಿ ನಿಂತೆ. ಯಾವ ಮೆಷಿನ್ ತಗೋಬೇಕು ಅಂತ ಕೇಳಿದರೆ ಅವರು, "ಉಳಿ ಮಸೆಯೋಕೆ ಬರುತ್ತಾ ಸಾರ್?" ಅಂದರು. ಬರುತ್ತಿರಲಿಲ್ಲ. ಈ ಬರಹದ ಕ್ರಮ ಅಲ್ಲಿಂದಲೇ ಹುಟ್ಟಿದ್ದು. ಮೊದಲು ಜಾಗ, ಆಮೇಲೆ ಬೆಂಚು, ಆಮೇಲೆ ಹರಿತವಾದ ನಾಲ್ಕು ಕೈಹತಾರ, ಆಮೇಲೆ ಮರ. ಯಂತ್ರ ಕೊನೆಗೆ, ಅದೂ ಕೆಲಸ ಕೇಳಿದಾಗ ಒಂದೊಂದೇ.

ಜಾಗ ಮತ್ತು ಕರೆಂಟು

ಆರಡಿ ಅಗಲ, ಎಂಟಡಿ ಉದ್ದ ಸಿಕ್ಕರೆ ಸಾಕು. ಕಾರು ನಿಲ್ಲಿಸುವ ಪೋರ್ಟಿಕೊ, ಮಹಡಿ ಮೆಟ್ಟಿಲಿನ ತಲೆಯ ಕೋಣೆ, ಹಿತ್ತಿಲ ಶೆಡ್ಡು, ಯಾವುದಾದರೂ ಆದೀತು. ಫ್ಲ್ಯಾಟಿನ ಬಾಲ್ಕನಿಯಲ್ಲೂ ಕೈಹತಾರದ ಕೆಲಸ ಧಾರಾಳವಾಗಿ ಮಾಡಬಹುದು. ಎರಡನ್ನು ಮಾತ್ರ ನೋಡಿಕೊಳ್ಳಿ: ಮಳೆಯ ಎರಚಲು ಬೀಳಬಾರದು, ಮಧ್ಯಾಹ್ನದ ಬಿಸಿಲು ನೇರವಾಗಿ ಮರದ ಮೇಲೆ ಬೀಳಬಾರದು. ತಗಡಿನ ಶೆಡ್ಡಾದರೆ ಮಳೆಗಾಲದ ಬೆಳಗಿನ ಹೊತ್ತು ತಗಡಿನ ಒಳಗಡೆಯಿಂದಲೇ ನೀರು ತೊಟ್ಟಿಕ್ಕುತ್ತದೆ. ಹತಾರಗಳ ಮೇಲೆ ಒಂದು ಹೊದಿಕೆ ಇರಲಿ.

ಬೆಳಕಿಗೆ ಎರಡು ಎಲ್‌ಇಡಿ ಟ್ಯೂಬುಗಳನ್ನು ಎಡಕ್ಕೊಂದು ಬಲಕ್ಕೊಂದು ಹಾಕಿ. ಒಂದೇ ದೀಪ ಬೆನ್ನ ಹಿಂದಿದ್ದರೆ ನೀವು ಎಳೆದ ಗೆರೆಯ ಮೇಲೆ ನಿಮ್ಮದೇ ನೆರಳು ಕೂರುತ್ತದೆ.

ನಮ್ಮ ಮನೆಗಳ ಸಣ್ಣ ಪ್ಲಗ್ಗು 6 ಆಂಪಿಯರಿನದು. 230 ವೋಲ್ಟಿನಲ್ಲಿ ಅದು ತಾಳುವುದು ಸುಮಾರು 1,380 ವ್ಯಾಟ್. ಒಂದು ಸರ್ಕ್ಯುಲರ್ ಗರಗಸಕ್ಕೇ ಅಷ್ಟು ಬೇಕು, ಶುರುವಾಗುವಾಗ ಇನ್ನೂ ಹೆಚ್ಚು ಎಳೆಯುತ್ತದೆ. ಆದ್ದರಿಂದ ಗೀಸರಿಗೆ ಹಾಕುವಂಥ 16 ಆಂಪಿಯರಿನ ಪಾಯಿಂಟ್ ಒಂದನ್ನು ಎಲೆಕ್ಟ್ರಿಶಿಯನ್ ಕೈಲಿ ಹಾಕಿಸಿ, ಆ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಲೈನು ಕಡಿಯುವ ಸ್ವಿಚ್ಚು) ಇದೆಯೇ ಕೇಳಿ. ಟಿವಿಗೆ ಬಳಸುವ ತೆಳ್ಳನೆ ವೈರಿನ ಎಕ್ಸ್‌ಟೆನ್ಷನ್ ಬೋರ್ಡು ಇಲ್ಲಿಗೆ ಬೇಡವೇ ಬೇಡ.

ಮತ್ತೆ ನೆರೆಹೊರೆ. ಭಾನುವಾರ ಮಧ್ಯಾಹ್ನ ಎರಡರಿಂದ ನಾಲ್ಕು ಗಂಟೆ ಕೆಳಗಿನ ಮನೆಯವರ ನಿದ್ದೆಯ ಹೊತ್ತು. ಆಗ ಉಳಿ ಮಸೆಯುವುದು, ಗುರುತು ಹಾಕುವುದು, ಎಣ್ಣೆ ಒರೆಸುವುದು. ಬೆಂಚಿನ ಕಾಲುಗಳ ಕೆಳಗೆ ದಪ್ಪ ರಬ್ಬರ್ ತುಂಡು ಇಟ್ಟರೆ ಅರ್ಧ ಜಗಳ ಮುಗಿದ ಹಾಗೆ.

ಬೆಂಚು

ಕೊಳ್ಳಬೇಡಿ, ಮಾಡಿ. ಇದೇ ನಿಮ್ಮ ಮೊದಲ ಕೆಲಸ. ತಪ್ಪಾದರೂ ಬೆಂಚಿನ ತಪ್ಪನ್ನು ಯಾರೂ ಬಂದು ನೋಡುವುದಿಲ್ಲ.

ಎತ್ತರಕ್ಕೆ ಹಳೆಯ ಲೆಕ್ಕ ಚೆನ್ನಾಗಿದೆ: ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಮಟ್ಟ. ನನಗೆ ಅದು 34 ಇಂಚು ಬಂತು. ಅಡುಗೆ ಕಟ್ಟೆಯ ಎತ್ತರವೂ ಹೆಚ್ಚುಕಮ್ಮಿ ಅಷ್ಟೇ.

18 ಮಿ.ಮೀ. ಪ್ಲೈವುಡ್‌ನ 8×4 ಅಡಿಯ ಒಂದೇ ಒಂದು ಶೀಟು ತನ್ನಿ. ಶೆಡ್ಡಿನಲ್ಲಿ ಇಡುವವರು ಅಂಗಡಿಯಲ್ಲಿ "710" ಅಂತ ಕೇಳಿ. ಐಎಸ್ 710 ಅಂದರೆ ನೀರು ತಾಳುವ ಮರೀನ್ ದರ್ಜೆ. ಮನೆಯೊಳಗೇ ಇಡುವುದಾದರೆ ಐಎಸ್ 303ರದ್ದು ಸಾಕು. ಪ್ಲೈವುಡ್ ಅಂಗಡಿಯವರಿಗೆ ಕತ್ತರಿಸುವ ವ್ಯವಸ್ಥೆ ಇದ್ದರೆ ಅಲ್ಲೇ ಹೀಗೆ ಕತ್ತರಿಸಿಕೊಳ್ಳಿ. ಶೀಟಿನ ಉದ್ದದಲ್ಲಿ 5 ಅಡಿಗೆ ಒಂದು ಕಟ್. ಆ 5×4 ಅಡಿಯ ತುಂಡನ್ನು ಎರಡು ಮಾಡಿದರೆ 5×2 ಅಡಿಯ ಎರಡು ಹಲಗೆ. ಒಂದರ ಮೇಲೊಂದು ಅಂಟಿಸಿದರೆ 36 ಮಿ.ಮೀ. ದಪ್ಪದ ಬೆಂಚಿನ ಮೈ ತಯಾರು. ಉಳಿದ 3×4 ಅಡಿಯ ತುಂಡಿನಲ್ಲಿ 4 ಅಡಿ ಉದ್ದ 20 ಇಂಚು ಅಗಲದ್ದು ಕೆಳಗಿನ ತಟ್ಟೆ, ಮಿಕ್ಕ 16 ಇಂಚಿನದು ಹಿಂಬದಿಗೆ ಹೊಡೆಯುವ ಹಲಗೆ. ಎಲ್ಲ ಬಳಕೆಯಾಯಿತು.

ಕಾಲಿಗೆ 3×3 ಇಂಚಿನ, 32.5 ಇಂಚು ಉದ್ದದ ನಾಲ್ಕು ತುಂಡು. ಅಡ್ಡಪಟ್ಟಿಗೆ 3×2 ಇಂಚಿನದು: 4 ಅಡಿಯವು ನಾಲ್ಕು, 20 ಇಂಚಿನವು ನಾಲ್ಕು. ಟಿಂಬರ್ ಅಂಗಡಿಯಲ್ಲಿ ಮರ ಮಾರುವುದು ಘನ ಅಡಿ ಲೆಕ್ಕದಲ್ಲಿ, ಅವರ ಬಾಯಲ್ಲಿ ಸಿಎಫ್‌ಟಿ. ಇಂಚಿನಲ್ಲಿ ಅಗಲ, ಇಂಚಿನಲ್ಲಿ ದಪ್ಪ, ಅಡಿಯಲ್ಲಿ ಉದ್ದ, ಮೂರನ್ನೂ ಗುಣಿಸಿ 144ರಿಂದ ಭಾಗಿಸಿ. ಕಾಲುಗಳ ಒಟ್ಟು ಉದ್ದ ಹೆಚ್ಚುಕಮ್ಮಿ 11 ಅಡಿ, 3×3×11÷144 ಅಂದರೆ 0.69. ಪಟ್ಟಿಗಳು ಸುಮಾರು 23 ಅಡಿ, 3×2×23÷144 ಅಂದರೆ 0.96. ಒಟ್ಟು 1.65. ಗಂಟು, ಸೀಳು, ಕತ್ತರಿಕೆಯ ನಷ್ಟ ಸೇರಿ 2 ಘನ ಅಡಿ ತನ್ನಿ. ಈ ಲೆಕ್ಕ ಮನೆಯಲ್ಲೇ ಮಾಡಿಕೊಂಡು ಚೀಟಿಯಲ್ಲಿ ಬರೆದುಕೊಂಡು ಹೋದರೆ ಅಂಗಡಿಯವರು ನಿಮ್ಮನ್ನು ನೋಡುವ ದೃಷ್ಟಿಯೇ ಬೇರೆ. ಬೆಂಚಿಗೆ ತೇಗ ಸುರಿಯಬೇಡಿ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಯುವ ಸಿಲ್ವರ್ ಓಕ್ ಸಾಕು.

ಜೋಡಿಸುವ ಬಗೆ: ಎರಡೆರಡು ಕಾಲನ್ನು 20 ಇಂಚಿನ ಎರಡು ಪಟ್ಟಿಗಳಿಂದ ಹೊರಬದಿಯಲ್ಲಿ ಸೇರಿಸಿ, ಅಂಟು ಹಾಕಿ, ಪ್ರತಿ ಸೇರುವೆಗೆ 90 ಮಿ.ಮೀ. ಉದ್ದದ ಎರಡು ಸ್ಕ್ರೂ ಬಿಗಿಯಿರಿ. ಮೊದಲೇ ಸಣ್ಣ ತೂತು ಕೊರೆಯದೆ ಸ್ಕ್ರೂ ಬಿಟ್ಟರೆ ಪಟ್ಟಿಯ ತುದಿ ಸೀಳುತ್ತದೆ. ಹೀಗೆ ಏಣಿಯಂಥ ಎರಡು ಚೌಕಟ್ಟು ಆದವು. 4 ಅಡಿಯ ಪಟ್ಟಿಗಳನ್ನು ಕಾಲಿನ ಒಳಮೈಗೆ 10 ಮಿ.ಮೀ. ದಪ್ಪ, 150 ಮಿ.ಮೀ. ಉದ್ದದ ಬೋಲ್ಟು-ನಟ್ಟಿನಿಂದ ಕಟ್ಟಿ, ವಾಷರ್ ಮರೆಯಬೇಡಿ. ಇಲ್ಲಿ ಮಾತ್ರ ಅಂಟು ಬೇಡ. ಬಾಡಿಗೆ ಮನೆ ಖಾಲಿ ಮಾಡುವ ದಿನ ಎಂಟು ನಟ್ಟು ಬಿಚ್ಚಿದರೆ ಬೆಂಚು ಟೆಂಪೋ ಹತ್ತುತ್ತದೆ. ನಾನು ಎರಡು ಮನೆ ಹೀಗೇ ಬದಲಾಯಿಸಿದ್ದೇನೆ. ಹಿಂಬದಿಗೆ 16 ಇಂಚಿನ ಹಲಗೆ ಹೊಡೆದ ಕ್ಷಣ ಅದುವರೆಗೆ ಅತ್ತಿತ್ತ ಓಲಾಡುತ್ತಿದ್ದ ಬೆಂಚು ಬಂಡೆಯಾಗುತ್ತದೆ, ನೋಡಿ.

ಮೇಲಿನ ಹಲಗೆಯ ಮುಂದಿನ ಅಂಚು ಕಾಲಿನ ಮುಖಕ್ಕೆ ಸಮನಾಗಿರಲಿ, ಹೆಚ್ಚುವರಿ ನಾಲ್ಕು ಇಂಚು ಗೋಡೆಯ ಕಡೆ ಹೋಗಲಿ. ಉದ್ದನೆಯ ಹಲಗೆಯ ಅಂಚು ಕೀಸುವಾಗ ಅದನ್ನು ಕಾಲಿಗೇ ಕ್ಲಾಂಪ್ ಮಾಡಬಹುದು. ಎಡ ತುದಿಯಲ್ಲಿ ಮರವನ್ನು ಕಚ್ಚಿ ಹಿಡಿಯಲು 7 ಇಂಚಿನ ಮರಗೆಲಸದ ವೈಸ್ ಒಂದನ್ನು ಕೂರಿಸಿ. ಅದರ ಕಬ್ಬಿಣದ ದವಡೆಗೆ ಮರದ ತುಂಡು ಹೊಡೆದರೆ ಕೆಲಸದ ಮರಕ್ಕೆ ಕಚ್ಚು ಬೀಳುವುದಿಲ್ಲ.

ಕೈಹತಾರ, ಅದಕ್ಕಿಂತ ಹೆಚ್ಚಾಗಿ ಅದರ ಹರಿತ

ಉಳಿಗಳು 6, 12, 18, 25 ಮಿ.ಮೀ., ಈ ನಾಲ್ಕು ಸಾಕು. ಹನ್ನೆರಡರ ಸೆಟ್ಟು ನೋಡಲು ಚೆಂದ, ಎಂಟಕ್ಕೆ ತುಕ್ಕು ಹಿಡಿಯುತ್ತದೆ. ಮರದ ಮೈ ಕೀಸಲು ಒಂದು ಹತ್ತರಿ, 14 ಇಂಚಿನ 5ನೇ ನಂಬರಿನದು. ಅಂಗಡಿಯಲ್ಲಿ ಬರೀ ಪ್ಲೇನರ್ ಅಂದರೆ ಕರೆಂಟಿನದನ್ನು ತೆಗೆದಿಡುತ್ತಾರೆ, ಜಾಕ್ ಪ್ಲೇನ್ ಅಂತಲೇ ಕೇಳಿ. ಗರಗಸಕ್ಕೆ ಎಳೆದಾಗ ಕೊಯ್ಯುವ ಜಪಾನಿ ಮಾದರಿಯದು ಹೊಸಬರಿಗೆ ಸುಲಭ. ತಳ್ಳುವ ಗರಗಸ ಸಿಕ್ಕಿಕೊಂಡರೆ ಬಗ್ಗುತ್ತದೆ, ಎಳೆಯುವುದು ಬಗ್ಗುವುದಿಲ್ಲ. ಜೊತೆಗೆ ಮೂಲೆಮಟ್ಟ, ಉಕ್ಕಿನ ಅಳತೆಪಟ್ಟಿ, ಗುರುತು ಕೊರೆಯಲು ಒಂದು ಚೂಪು ಚಾಕು, ಮರದ ಕೊಡತಿ. ಪೆನ್ಸಿಲ್ ಗೆರೆಗೆ ಅರ್ಧ ಮಿ.ಮೀ. ದಪ್ಪವಿರುತ್ತದೆ. ಚಾಕುವಿನ ಗೆರೆಗೆ ದಪ್ಪವೇ ಇಲ್ಲ, ಉಳಿಯೂ ಅದರೊಳಗೆ ತಾನಾಗಿ ಕೂರುತ್ತದೆ.

ಮೂಲೆಮಟ್ಟವನ್ನು ಅಂಗಡಿಯಲ್ಲೇ ಪರೀಕ್ಷಿಸಿ. ನೇರ ಅಂಚಿನ ಹಲಗೆಗೆ ಒತ್ತಿ ಒಂದು ಗೆರೆ ಎಳೆಯಿರಿ, ಮಟ್ಟವನ್ನು ಮಗುಚಿ ಅದೇ ಬಿಂದುವಿನಿಂದ ಇನ್ನೊಂದು ಎಳೆಯಿರಿ. ಎರಡೂ ಒಂದಾದರೆ ಸರಿ. ಕವಲೊಡೆದರೆ ವಾಪಸ್ ಇಟ್ಟುಬಿಡಿ.

ಬೆಂಗಳೂರಿನವರಿಗೆ ಹೊಸ ಹತಾರಕ್ಕೆ ಎಸ್.ಜೆ.ಪಿ. ರಸ್ತೆ ಇದ್ದೇ ಇದೆ. ಹಳೆಯದಕ್ಕೆ ಕೆ.ಆರ್. ಮಾರ್ಕೆಟ್ ಬಳಿಯ ಸಂಡೇ ಬಜಾರಿಗೆ ಬೆಳಗ್ಗೆ ಬೇಗ ಹೋಗಿ. ತುಕ್ಕು ಹಿಡಿದ ಹಳೆಯ ಉಳಿಯ ಉಕ್ಕು ಎಷ್ಟೋ ಸಲ ಹೊಸದಕ್ಕಿಂತ ಚೆನ್ನಾಗಿರುತ್ತದೆ. ಅಲಗಿನ ಬೆನ್ನಲ್ಲಿ ತುಕ್ಕಿನ ಗುಳಿ ಬಿದ್ದಿದ್ದರೆ ಮಾತ್ರ ಬೇಡ.

ಈಗ ಮಸೆಯುವುದು. ಹೊಸ ಉಳಿ ಹರಿತವಾಗಿ ಬರುತ್ತದೆ ಅನ್ನುವುದು ಭ್ರಮೆ. ನಾನು ಆ ಭ್ರಮೆಯಲ್ಲೇ ಒಂದು ಮೊಂಡು ಉಳಿಯನ್ನು ಬಲವಾಗಿ ತಳ್ಳಿ, ಅದು ಜಾರಿ, ಎಡ ಅಂಗೈಗೆ ಮೂರು ಹೊಲಿಗೆ ಹಾಕಿಸಿಕೊಂಡೆ. ಹರಿತವಾದ ಉಳಿಗೆ ಬಲ ಬೇಡ, ಹಾಗಾಗಿ ಜಾರುವುದೂ ಕಡಿಮೆ. ಎರಡೂ ಕೈ ಯಾವಾಗಲೂ ಅಲಗಿನ ಹಿಂದೆಯೇ ಇರಬೇಕು ಅನ್ನುವುದನ್ನು ಆ ಹೊಲಿಗೆಗಳು ಕಲಿಸಿದವು.

ಗಾಜಿನಂಗಡಿಯಲ್ಲಿ 10 ಮಿ.ಮೀ. ದಪ್ಪದ, 12×6 ಇಂಚಿನ ಒಂದು ತುಂಡು ಕೇಳಿ, ಅಂಚು ಉಜ್ಜಿಸಿ ತನ್ನಿ. ಪೇಂಟ್ ಅಂಗಡಿಯಲ್ಲಿ ವಾಟರ್ ಪೇಪರ್ (ನೀರು ತಾಗಿಸಿ ಉಜ್ಜುವ ಮರಳುಕಾಗದ) 220, 400, 1000, 2000 ನಂಬರಿನವು. ಪೇಪರಿಗೆ ನೀರು ಹಚ್ಚಿ ಗಾಜಿಗೆ ಅಂಟಿಸಿದರೆ ಅದೇ ನಿಮ್ಮ ಸಾಣೆಕಲ್ಲು.

ಮೊದಲು ಉಳಿಯ ಬೆನ್ನು, ಅಂದರೆ ಚಪ್ಪಟೆ ಬದಿ. ತುದಿಯ ಒಂದಿಂಚು ಗಾಜಿಗೆ ಪೂರಾ ಮಲಗಿಸಿ 220ರಿಂದ ಶುರು ಮಾಡಿ. ಆರಂಭದಲ್ಲಿ ಮೂಲೆಗಳಲ್ಲಿ ಮಾತ್ರ ಹೊಳಪು ಬರುತ್ತದೆ, ನಡುವೆ ಮಬ್ಬು. ಮಬ್ಬು ಪೂರ್ತಿ ಹೋಗುವವರೆಗೆ ಮುಂದಿನ ಪೇಪರಿಗೆ ಹೋಗಬೇಡಿ. ಬೇಸರದ ಕೆಲಸ, ಒಂದು ಉಳಿಗೆ ಅರ್ಧ ಗಂಟೆಯಾದರೂ ಹಿಡಿಯುತ್ತದೆ. ಆದರೆ ಜನ್ಮಕ್ಕೊಮ್ಮೆ ಮಾಡಿದರೆ ಮುಗಿಯಿತು. 2000ಕ್ಕೆ ಬರುವಾಗ ನಿಮ್ಮ ಹುಬ್ಬು ಅದರಲ್ಲಿ ಕಾಣಬೇಕು.

ಆಮೇಲೆ ಇಳಿಜಾರು ಬದಿ. ಕೈಯಂದಾಜಿನಲ್ಲಿ ಕೋನ ಹಿಡಿಯಲು ವರ್ಷಗಳು ಬೇಕು. ಎರಡು ಬದಿಯಿಂದ ಉಳಿಯನ್ನು ಕಚ್ಚಿ ಹಿಡಿಯುವ, ಕೆಳಗೆ ಗಾಲಿ ಇರುವ ಹೋನಿಂಗ್ ಗೈಡ್ ಅಗ್ಗಕ್ಕೆ ಸಿಗುತ್ತದೆ, ನಾಚಿಕೆಪಡದೆ ಕೊಳ್ಳಿ. ಉಳಿಯ ತುದಿ ಗೈಡಿನಿಂದ 40 ಮಿ.ಮೀ. ಹೊರಬಂದಿದ್ದರೆ 25 ಡಿಗ್ರಿ, 30 ಮಿ.ಮೀ. ಬಂದಿದ್ದರೆ 30 ಡಿಗ್ರಿ. ಮೊದಲು 25ಕ್ಕೆ ಮಸೆದು, ಕೊನೆಗೆ 30ಕ್ಕೆ ಇಟ್ಟು ತುದಿಗೆ ಮಾತ್ರ ಹತ್ತು ಸಲ ಎಳೆಯಿರಿ. ಬೆನ್ನಿನ ಕಡೆ ಬೆರಳು ಸವರಿದರೆ ಅಂಚಿನುದ್ದಕ್ಕೂ ಸಣ್ಣಗೆ ತರಿತರಿ ಸಿಗಬೇಕು. ಸಿಕ್ಕರೆ ಅಲಗು ತುದಿ ಮುಟ್ಟಿದೆ ಎಂದರ್ಥ. ಬೆನ್ನನ್ನು ಮಲಗಿಸಿ ಒಮ್ಮೆ ಎಳೆದು ಆ ತರಿ ತೆಗೆಯಿರಿ. ಹಳೆಯ ಚರ್ಮದ ಬೆಲ್ಟನ್ನು ಹಲಗೆಗೆ ಅಂಟಿಸಿ, ಹಸಿರು ಪಾಲಿಶ್ ಕಡ್ಡಿ ತಿಕ್ಕಿ, ಅದರ ಮೇಲೆ ಹತ್ತು ಸಲ ಹಿಂದಕ್ಕೆಳೆದರೆ ಮುಗಿಯಿತು. ಪರೀಕ್ಷೆಗೆ ಪೈನ್ ಮರದ ತುದಿಯನ್ನು ನಾರಿನ ಎಳೆಗೆ ಅಡ್ಡಲಾಗಿ ಕೆತ್ತಿ. ಪುಡಿಯಾಗದೆ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಬಂದರೆ ಗೆದ್ದಿರಿ.

ಕೆಲಸ ಮುಗಿದ ಮೇಲೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಒರೆಸಿಡಿ. ಕರಾವಳಿಯವರು ಇದನ್ನು ಒಂದು ದಿನವೂ ತಪ್ಪಿಸುವ ಹಾಗಿಲ್ಲ. ವರ್ಷಕ್ಕೊಮ್ಮೆ ಆಯುಧಪೂಜೆಗೆ ತೊಳೆದು ಕುಂಕುಮ ಇಟ್ಟರೆ ಹತಾರ ಉಳಿಯುವುದಿಲ್ಲ.

ಮರ

ಹಲಸು, ಹೊನ್ನೆ, ಮತ್ತಿ, ಬೇವು, ಮಾವು, ತೇಗ, ಇವೆಲ್ಲ ನಮ್ಮಲ್ಲಿ ಸಿಗುವಂಥವು. ಕಲಿಯಲು ಪೈನ್ ಒಳ್ಳೆಯದು, ಮೃದು, ಅಗ್ಗ. ಆಮದು ಸರಕಿನ ಪ್ಯಾಕಿಂಗ್ ಪೆಟ್ಟಿಗೆಗಳ ಹಲಗೆ ಗುಜರಿಯಲ್ಲಿ ಸಿಗುತ್ತದೆ. ಅದರ ಮೇಲಿನ ಮುದ್ರೆ ಓದಿ. ಎಚ್‌ಟಿ ಎಂದಿದ್ದರೆ ಬಿಸಿ ಕೊಟ್ಟು ಹುಳು ಕೊಂದದ್ದು, ಧೈರ್ಯವಾಗಿ ಬಳಸಿ. ಎಂಬಿ ಎಂದಿದ್ದರೆ ಮಿಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದು, ಅದು ಬೇಡ.

ನನಗೆ ಇಷ್ಟವಾದದ್ದು ಹಳೇ ಮನೆ ಕೆಡವಿದಾಗ ಬರುವ ತೊಲೆ, ಕಿಟಕಿ ಚೌಕಟ್ಟು. ಐವತ್ತು ವರ್ಷ ಒಣಗಿರುತ್ತದೆ, ಚೇಗು (ಮರದ ಒಳತಿರುಳು) ಗಟ್ಟಿಯಾಗಿರುತ್ತದೆ. ಮೊಳೆ ಮಾತ್ರ ಅಡಗಿರುತ್ತದೆ. ಹತ್ತರಿ ಹೊಡೆಯುವ ಮೊದಲು ಒಂದು ಅಯಸ್ಕಾಂತ ಆಡಿಸಿ. ಸಣ್ಣ ಗುಂಡು ತೂತು, ಅದರ ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಕುಟ್ಟೆ ಹುಳು. ಅದನ್ನು ಮನೆಗೆ ತರಬೇಡಿ. ಬೀಟೆ, ತೇಗ ಕೊಂಡರೆ ಬಿಲ್ಲು ಇರಲಿ. ಊರಿನ ತೋಟದಿಂದ ಮರ ಕಡಿದು ತರುವುದಾದರೆ ಅರಣ್ಯ ಇಲಾಖೆಯಲ್ಲಿ ಮೊದಲು ವಿಚಾರಿಸಿ. ಹಲವು ಜಾತಿಗೆ ಕಡಿಯಲು ಅನುಮತಿ, ಸಾಗಿಸಲು ಪರವಾನಗಿ ಬೇಕು.

ಹಸಿ ಮರದ ಪಾಠ ನನಗೆ ದುಬಾರಿಯಾಯಿತು. ಜುಲೈನಲ್ಲಿ ಒಂದು ಕಡೆ "ಪೂರ್ತಿ ಒಣಗಿದೆ ಸಾರ್" ಅಂದ ಹಲಗೆ ತಂದು ಟೀಪಾಯಿ ಮಾಡಿದೆ. ಮಾರ್ಚಿ ಬರುವ ಹೊತ್ತಿಗೆ ನಡು ಮಧ್ಯೆ ನಾಣ್ಯ ತೂರಿಸುವಷ್ಟು ಬಿರುಕು. ತೇವದ ಮೀಟರ್ ಇದ್ದರೆ ಒಳನಾಡಿನ ಮನೆಯೊಳಗೆ ಬಳಸುವ ಮರಕ್ಕೆ 12 ಶೇಕಡಾದ ಆಸುಪಾಸು ನೋಡಿ. ಮೀಟರ್ ಇಲ್ಲವೇ? ಒಂದು ತುಂಡನ್ನು ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಅದರ ಮೇಲೇ ಬರೆಯಿರಿ. ತೂಕ ಇಳಿಯುವುದು ನಿಂತಿತೋ, ಮರ ಸಿದ್ಧ. ಗಾಳಿಗೆ ಒಣಗಿಸುವಾಗ ಹಲಗೆಗಳ ನಡುವೆ ರೀಪು ಇಟ್ಟು, ನೆಲದಿಂದ ಎತ್ತರದಲ್ಲಿ, ನೆರಳಿನಲ್ಲಿ ಜೋಡಿಸಿ. ಇಂಚು ದಪ್ಪಕ್ಕೆ ವರ್ಷ ಅನ್ನುವುದು ಒರಟು ಲೆಕ್ಕ.

ಇನ್ನೂ ಆಳವಾಗಿ ಕಲಿಯುವ ಮನಸ್ಸಿದ್ದರೆ ಬೆಂಗಳೂರಿನ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯ ತರಬೇತಿಗಳ ಮೇಲೆ ಕಣ್ಣಿಡಿ.

ಯಂತ್ರ ಮತ್ತು ದೂಳು

ಮೊದಲು ಬ್ಯಾಟರಿ ಡ್ರಿಲ್. ಬೆಂಚಿಗೇ ಅದು ಬೇಕಾಗುತ್ತದೆ. ಆಮೇಲೆ ಸ್ಯಾಂಡರ್, ಆಮೇಲೆ 7 ಇಂಚಿನ ಸರ್ಕ್ಯುಲರ್ ಗರಗಸ. ರೌಟರ್ ಎರಡನೇ ವರ್ಷಕ್ಕೆ.

ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಮಾರ್ಬಲ್ ಕಟರಿಗೆ ಮರದ ಬ್ಲೇಡು ಹಾಕಿ ಕೊಯ್ಯುವುದು ನಮ್ಮ ಕಟ್ಟಡ ಕೆಲಸಗಳಲ್ಲಿ ದಿನಾ ಕಾಣುವ ದೃಶ್ಯ. ಆ ಯಂತ್ರ ನಿಮಿಷಕ್ಕೆ 12,000 ಸುತ್ತಿನ ಆಸುಪಾಸು ತಿರುಗುತ್ತದೆ, ಕಲ್ಲು ಕೊಯ್ಯಲು ಮಾಡಿದ್ದು. ಹಲ್ಲಿನ ಬ್ಲೇಡು ಮರದಲ್ಲಿ ಸಿಕ್ಕಿಕೊಂಡರೆ ಯಂತ್ರ ಹಿಂದಕ್ಕೆ, ಅಂದರೆ ನಿಮ್ಮ ಕಡೆಗೆ ಚಿಮ್ಮುತ್ತದೆ. ಆಂಗಲ್ ಗ್ರೈಂಡರಿಗೆ ಹಾಕುವುದು ಇನ್ನೂ ಕೆಟ್ಟದ್ದು. ದಿನಗೂಲಿಯ ಅವಸರ ಇರುವವರು ಆ ಅಪಾಯ ಹೊರುತ್ತಾರೆ. ಹವ್ಯಾಸಕ್ಕೆ ಕೂತ ನಮಗೆ ಅವಸರ ಯಾತರದ್ದು?

ತಿರುಗುವ ಯಂತ್ರದ ಮುಂದೆ ಕೈಗವಸು ಬೇಡ, ಎಳೆದುಕೊಳ್ಳುತ್ತದೆ. ಪಂಚೆ, ಸಡಿಲ ತೋಳು, ಬಿಟ್ಟ ಕೂದಲು, ಕೊರಳಿನ ಸರಕ್ಕೂ ಅದೇ ಮಾತು. ಕನ್ನಡಕ ಮತ್ತು ಕಿವಿಮುಚ್ಚಿ ಗೋಡೆಯ ಮೊಳೆಗೆ ಪ್ಲಗ್ಗಿನ ಪಕ್ಕದಲ್ಲೇ ನೇತುಹಾಕಿ, ಮರೆಯುವುದಿಲ್ಲ.

ಮರದ ದೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲೇ ಇಟ್ಟಿದೆ. ಹತ್ತರಿಯ ಚಕ್ಕೆ ನೆಲಕ್ಕೆ ಬೀಳುತ್ತದೆ, ಕೆಡುಕಲ್ಲ. ಸ್ಯಾಂಡರಿನ ಸಣ್ಣ ಪುಡಿ ಗಾಳಿಯಲ್ಲೇ ಗಂಟೆಗಟ್ಟಲೆ ತೇಲುತ್ತದೆ. ಎನ್95 ಮುಖಗವಸು ಹಾಕಿ, ಸ್ಯಾಂಡರಿಗೆ ವ್ಯಾಕ್ಯೂಮ್ ಪೈಪು ಸೇರಿಸಿ, ಆಗದಿದ್ದರೆ ಹೊರಗೆ ಹೋಗಿ ಉಜ್ಜಿ. ಮರದ ನಾರಿಗೆ ಅಂಟು ಬೆರೆಸಿ ಒತ್ತಿ ಮಾಡುವ ಎಂಡಿಎಫ್ ಹಲಗೆಯನ್ನು ನಾನಂತೂ ಮನೆಯಲ್ಲಿ ಕೊಯ್ಯುವುದೇ ಇಲ್ಲ.

ಮೊದಲ ಸಾಮಾನು: ಒಂದು ಮಣೆ

ಹಲಸಿನ ಹಲಗೆ, 18 ಇಂಚು ಉದ್ದ, 10 ಇಂಚು ಅಗಲ, ಒಂದಿಂಚು ದಪ್ಪ. ಹತ್ತರಿ ಹಿಡಿಯುವ ಮೊದಲು ಹಲಗೆಯ ಪಕ್ಕ ನೋಡಿ, ಎಳೆ ಯಾವ ಕಡೆ ಏರುತ್ತಿದೆ? ಏರುವ ಕಡೆಗೇ ತಳ್ಳಿ. ಬೆಕ್ಕಿನ ಮೈ ಸವರುವ ಹಾಗೆ, ಸರಿಯಾದ ದಿಕ್ಕಾದರೆ ನುಣುಪು, ತಪ್ಪಿದರೆ ಎದ್ದು ಪರಚುತ್ತದೆ.

ಅಡಿಗೆ 9 ಇಂಚು ಉದ್ದ, ಒಂದೂವರೆ ಇಂಚು ಅಗಲ, 32 ಮಿ.ಮೀ. ಎತ್ತರದ ಎರಡು ಪಟ್ಟಿ, ಹಲಗೆಯ ಎಳೆಗೆ ಅಡ್ಡಲಾಗಿ. ಹಲಗೆ ದೋಣಿಯಂತೆ ಬಾಗದಂತೆ ತಡೆಯುವುದು ಈ ಪಟ್ಟಿಗಳೇ. ಆದರೆ ಪೂರಾ ಅಂಟಿಸಿಬಿಟ್ಟರೆ ನನ್ನ ಟೀಪಾಯಿಯ ಗತಿ. ಮರ ಉದ್ದದಲ್ಲಿ ಹೆಚ್ಚುಕಮ್ಮಿ ಆಗುವುದಿಲ್ಲ, ಅಗಲದಲ್ಲಿ ಮಳೆಗೆ ಹಿಗ್ಗಿ ಬೇಸಿಗೆಗೆ ಕುಗ್ಗುತ್ತದೆ. ಆದ್ದರಿಂದ ಪ್ರತಿ ಪಟ್ಟಿಗೆ ಮೂರು ಸ್ಕ್ರೂ: ನಡುವಿನದಕ್ಕೆ ಬಿಗಿ ತೂತು, ಅಕ್ಕಪಕ್ಕದ ಎರಡಕ್ಕೆ ಪಟ್ಟಿಯ ಉದ್ದಕ್ಕೆ ಸರಿಯಾಗಿ ಎಳೆದ ಉದ್ದನೆ ತೂತು. ಅಂಟು ನಡುವಿನ ಎರಡಿಂಚಿಗೆ ಮಾತ್ರ. 40 ಮಿ.ಮೀ. ಸ್ಕ್ರೂ ತಲೆಯನ್ನು ಪಟ್ಟಿಯೊಳಗೆ 8 ಮಿ.ಮೀ. ಇಳಿಸಿದರೆ ಹಲಗೆಗೆ 16 ಮಿ.ಮೀ. ಕಚ್ಚುತ್ತದೆ, ಮೇಲೆ ತೂರುವುದಿಲ್ಲ. ಕ್ಲಾಂಪ್ ಸಾಲದಿದ್ದರೆ ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ಬಿಗಿಯಾಗಿ ಸುತ್ತಿ, ಫೆವಿಕಾಲಿಗೆ ಒಂದು ರಾತ್ರಿ ಬಿಡಿ.

120, 180, 240ರ ಮರಳುಕಾಗದ ಎಳೆಯ ಉದ್ದಕ್ಕೇ ಉಜ್ಜಿ, ಬೇಯಿಸಿದ ಅಗಸೆ ಎಣ್ಣೆ (ಅಂಗಡಿಯ ಬಾಯ್ಲ್ಡ್ ಲಿನ್ಸೀಡ್ ಆಯಿಲ್) ತೆಳ್ಳಗೆ ಹಚ್ಚಿ, ಕಾಲು ಗಂಟೆ ಬಿಟ್ಟು ಒರೆಸಿ. ದಿನಕ್ಕೊಂದರಂತೆ ಮೂರು ಸಲ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಶಾಖ ಸೇರಿ ತಾನಾಗಿ ಬೆಂಕಿ ಹತ್ತಬಹುದು. ಹೊರಗೆ ತಂತಿಯ ಮೇಲೆ ಬಿಡಿಸಿ ಹರವಿ, ಗರಿಗರಿ ಆದ ಮೇಲೆ ಕಸಕ್ಕೆ ಹಾಕಿ.

ನನ್ನ ಮೊದಲ ಮಣೆಯ ಮೇಲೆ ಅಮ್ಮ ಕೂತು, "ಹಳದಿ ಚೆನ್ನಾಗಿದೆ ಕಣೋ, ಆದ್ರೆ ಕುಂಟುತ್ತೆ" ಅಂದರು. ನಿಮ್ಮದೂ ಕುಂಟಬಹುದು. ಗ್ರಾನೈಟ್ ಅಡುಗೆ ಕಟ್ಟೆಯಷ್ಟು ಸಮತಟ್ಟಾದದ್ದು ಮನೆಯಲ್ಲಿ ಬೇರೆ ಇಲ್ಲ. ಅದರ ಮೇಲೆ 120ರ ಮರಳುಕಾಗದ ಟೇಪಿನಿಂದ ಅಂಟಿಸಿ, ಪಟ್ಟಿಗಳ ಅಡಿಗೆ ಪೆನ್ಸಿಲಿನಿಂದ ಗೀಚಿ, ಮಣೆಯನ್ನು ಅದರ ಮೇಲೆ ಹಿಂದೆ ಮುಂದೆ ಎಳೆಯಿರಿ. ಎತ್ತರದ ಮೂಲೆಗಳ ಗೀಚು ಮೊದಲು ಅಳಿಯುತ್ತದೆ. ನಾಲ್ಕೂ ಮೂಲೆಯ ಗೀಚು ಅಳಿದಾಗ ನಿಲ್ಲಿಸಿ, ಕಟ್ಟೆ ಒರೆಸಿಬಿಡಿ.